ಬಿಗ್‌ಕ್ವೆರಿ ಎಡಿಟರ್: ಲಿಮಿಟ್ 100 ಹಾಕಿದರೂ 700 ಜಿಬಿ ಓದುತ್ತೇನೆ ಎನ್ನುತ್ತದೆ

ಪ್ರಶ್ನೆ
ಗೂಗಲ್‌ನ ಕ್ಲೌಡ್ ಡೇಟಾ ಸಂಗ್ರಹವಾದ ಬಿಗ್‌ಕ್ವೆರಿಯಲ್ಲಿ ನನ್ನ ಟೇಬಲ್ ಮುಂಬೈ ಪ್ರದೇಶದಲ್ಲಿದೆ (ಏಷ್ಯಾ-ಸೌತ್1). 20 ಕೋಟಿ ಸಾಲು, 700 ಜಿಬಿ, ತಾರೀಖಿನ ಮೇಲೆ ದಿನಕ್ಕೊಂದರಂತೆ 700 ಪಾರ್ಟಿಷನ್ (ಬೇರೆಬೇರೆ ಇಟ್ಟ ಭಾಗ). ಬಿಲ್ ಲೆಕ್ಕ ಆನ್-ಡಿಮ್ಯಾಂಡ್ (ಓದಿದ ಡೇಟಾದಷ್ಟಕ್ಕೆ ಹಣ). ಸೆಲೆಕ್ಟ್ * ಜೊತೆ ಲಿಮಿಟ್ 100 ಕೊಟ್ಟರೂ ಎಡಿಟರ್ 700 ಜಿಬಿ ತೋರಿಸುತ್ತದೆ. ವೇರ್‌ನಲ್ಲಿ ‘ತಾರೀಖು = (ಸೆಲೆಕ್ಟ್ ಮ್ಯಾಕ್ಸ್(ತಾರೀಖು)…)’ ಹಾಕಿ ಕೊನೆಯ ದಿನ ಮಾತ್ರ ಕೇಳಿದರೂ ಅಂಕಿ ಇಳಿಯುತ್ತಿಲ್ಲ. ಆಗಾಗ ‘ಡೇಟಾಸೆಟ್ ಯುಎಸ್ ಲೊಕೇಶನ್‌ನಲ್ಲಿ ಸಿಗಲಿಲ್ಲ’ ಎಂಬ ಎರರ್ ಬೇರೆ (ಡೇಟಾಸೆಟ್ ಎಂದರೆ ಟೇಬಲ್‌ಗಳ ಗುಂಪು). ಕಾಲಂ ಹೆಸರಿನ ಸಜೆಶನ್ ಕೂಡ ಸರಿಯಾಗಿ ಬರುತ್ತಿಲ್ಲ.

ಉತ್ತರ 1
ಎಡಿಟರ್ ತೋರಿಸುತ್ತಿರುವುದು ಸರಿಯಾದ ಅಂಕಿಯೇ. ರನ್ ಒತ್ತುವ ಮೊದಲು ಕಾಣುವ ಆ ಸಾಲು ಡ್ರೈ ರನ್‌ನ (ಕ್ವೆರಿ ಓಡಿಸದೆ ಮಾಡುವ ಅಂದಾಜಿನ) ಫಲ, ಅದಕ್ಕೆ ದುಡ್ಡಿಲ್ಲ. ಬಿಗ್‌ಕ್ವೆರಿ ಡೇಟಾವನ್ನು ಕಾಲಂ ಪ್ರಕಾರ ಇಡುತ್ತದೆ, ಬಿಲ್ಲೂ ಓದಿದ ಕಾಲಂಗಳ ಮೇಲೆಯೇ ಬೀಳುತ್ತದೆ. ಲಿಮಿಟ್ ಕೆಲಸ ಮಾಡುವುದು ಓದಿ ಮುಗಿದ ಮೇಲೆ (ಕ್ಲಸ್ಟರ್ ಮಾಡಿದ, ಅಂದರೆ ಕೆಲವು ಕಾಲಂಗಳ ಬೆಲೆಯಂತೆ ವಿಂಗಡಿಸಿಟ್ಟ ಟೇಬಲ್ ಆದರೆ ಮಾತ್ರ ಸ್ವಲ್ಪ ಉಳಿಸಬಹುದು). ತಿಂಗಳಿಗೆ ಉಚಿತ ಇರುವುದು 1 ಟೆಬಿಬೈಟ್. ನಿಮ್ಮ ಕ್ವೆರಿ ಎರಡು ಸಲ ಓಡಿದರೆ ಅದು ಖಾಲಿ.

ಕೈಲೆಕ್ಕ ಮಾಡಿ ನೋಡಿ. ಪೂರ್ಣಾಂಕ, ತಾರೀಖು, ಟೈಮ್‌ಸ್ಟ್ಯಾಂಪ್ ಒಂದೊಂದೂ 8 ಬೈಟ್. 20 ಕೋಟಿ ಸಾಲಿಗೆ 160 ಕೋಟಿ ಬೈಟ್, ಅಂದರೆ ಒಂದು ಕಾಲಂಗೆ 1.5 ಜಿಬಿ ಆಸುಪಾಸು. 700 ಜಿಬಿ ಆಗಿದೆ ಎಂದರೆ ಸಾಲಿಗೆ ಸರಾಸರಿ ಮೂರೂವರೆ ಸಾವಿರ ಬೈಟ್. ಎಲ್ಲೋ ಒಂದು ಕಡೆ ಕಚ್ಚಾ ಜೇಸನ್ (ಪಠ್ಯವಾಗಿ ಬರೆದ ಡೇಟಾ) ಅನ್ನು ಹಾಗೇ ತುಂಬಿದ ಸ್ಟ್ರಿಂಗ್ (ಪಠ್ಯದ) ಕಾಲಂ ಇರಬೇಕು. ‘ಸೆಲೆಕ್ಟ್ * ಎಕ್ಸೆಪ್ಟ್’ ಬಳಸಿ ಅದೊಂದನ್ನು ಬಿಟ್ಟು ನೋಡಿ, ಅಂಕಿ ದಡಕ್ಕನೆ ಇಳಿಯುತ್ತದೆ. ಸುಮ್ಮನೆ ಹತ್ತು ಸಾಲು ನೋಡಬೇಕಿದ್ದರೆ ಕ್ವೆರಿಯೇ ಬೇಡ, ಟೇಬಲ್‌ನ ಪ್ರಿವ್ಯೂ ಟ್ಯಾಬ್ ಉಚಿತ. ವ್ಯೂಗಳಿಗೆ (ಟೇಬಲ್‌ನಂತೆ ಬಳಸುವ, ಉಳಿಸಿಟ್ಟ ಕ್ವೆರಿಗಳಿಗೆ) ಮಾತ್ರ ಆ ಟ್ಯಾಬ್ ಇರುವುದಿಲ್ಲ.

(ಕನ್ನಡ ಪಠ್ಯ ಇಟ್ಟವರಿಗೆ ಒಂದು ಮಾತು: ಸ್ಟ್ರಿಂಗ್‌ಗೆ 2 ಬೈಟ್ ಜೊತೆ ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ವಿಧಾನ) ಉದ್ದ ಸೇರುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೂ (ಅಕ್ಷರ, ಸ್ವರಚಿಹ್ನೆ, ಸೊನ್ನೆ ಎಲ್ಲ ಬೇರೆಬೇರೆ) 3 ಬೈಟ್. ‘ಬೆಂಗಳೂರು’ ಎಂಬಲ್ಲಿ 8 ಸಂಕೇತ, ಹಾಗಾಗಿ 26 ಬೈಟ್. ಇಂಗ್ಲಿಷ್ ಲಿಪಿಯಲ್ಲಾದರೆ 11. ಊರಿನ ಹೆಸರನ್ನು ಕೋಟಿ ಸಾಲಿನಲ್ಲಿ ಬರೆಯುವ ಬದಲು ಸಂಖ್ಯೆಯ ಕೋಡ್ ಇಟ್ಟು, ಹೆಸರುಗಳನ್ನು ಬೇರೆ ಚಿಕ್ಕ ಟೇಬಲ್‌ಗೆ ಹಾಕಿ.)

ಉತ್ತರ 2
ಮ್ಯಾಕ್ಸ್ ವಿಷಯ: ಯಾವ ಪಾರ್ಟಿಷನ್ ಬಿಡಬೇಕು ಎಂಬುದು ಓದು ಶುರುವಾಗುವ ಮೊದಲೇ ತೀರ್ಮಾನವಾಗಬೇಕು. ಸಬ್‌ಕ್ವೆರಿಯ (ಒಳಗಿನ ಸೆಲೆಕ್ಟ್‌ನ) ಉತ್ತರ ಆಗ ಇನ್ನೂ ಗೊತ್ತಿರುವುದಿಲ್ಲ, ಆದ್ದರಿಂದ 700 ಪಾರ್ಟಿಷನ್ನೂ ಓದಿಸಿಕೊಳ್ಳುತ್ತವೆ. ಎರಡು ಹೆಜ್ಜೆ ಮಾಡಿ. ಮೊದಲ ಸಾಲಿನಲ್ಲಿ ಡಿಕ್ಲೇರ್‌ನಿಂದ ಡೇಟ್ ಬಗೆಯ ವೇರಿಯಬಲ್ ಮಾಡಿ, ಡಿಫಾಲ್ಟ್ ಬೆಲೆಯಾಗಿ ಆ ಮ್ಯಾಕ್ಸ್ ಸಬ್‌ಕ್ವೆರಿ ಕೊಡಿ. ಕೆಳಗಿನ ಸೆಲೆಕ್ಟ್‌ನ ವೇರ್‌ನಲ್ಲಿ ವೇರಿಯಬಲ್ ಬಳಸಿ. ಡಿಕ್ಲೇರ್ ಸ್ಕ್ರಿಪ್ಟ್‌ನ ತಲೆಯಲ್ಲೇ ಇರಬೇಕು.

ಹೀಗೂ ಮ್ಯಾಕ್ಸ್‌ಗಾಗಿ ತಾರೀಖಿನ ಕಾಲಂ ಪೂರ್ತಿ ಓದಿ 1.5 ಜಿಬಿ ಹೋಗುತ್ತದೆ. ಅದೂ ಬೇಡವೆಂದರೆ ಡೇಟಾಸೆಟ್‌ನ ಇನ್ಫರ್ಮೇಶನ್ ಸ್ಕೀಮಾದಲ್ಲಿ (ಟೇಬಲ್‌ಗಳ ಬಗೆಗಿನ ಮಾಹಿತಿ ಇರುವಲ್ಲಿ) ಪಾರ್ಟಿಷನ್ಸ್ ಎಂಬ ವ್ಯೂ ಇದೆ, ಅಲ್ಲಿ ಪಾರ್ಟಿಷನ್ ಐಡಿಯ ಮ್ಯಾಕ್ಸ್ ತೆಗೆಯಿರಿ. ಟೇಬಲ್ ಹೆಸರಿನ ಫಿಲ್ಟರ್ ಮರೆಯಬೇಡಿ. ಐಡಿ ಎಂಟಂಕಿಯ ಪಠ್ಯವಾಗಿರುತ್ತದೆ, ಪಾರ್ಸ್ ಡೇಟ್‌ನಿಂದ ತಾರೀಖು ಮಾಡಿಕೊಳ್ಳಿ. ‘ನಲ್’, ‘ಅನ್‌ಪಾರ್ಟಿಷನ್ಡ್’ ಎಂಬ ಎರಡು ವಿಶೇಷ ಐಡಿಗಳನ್ನು ಮೊದಲೇ ಬಿಡಬೇಕು. ಇಲ್ಲದಿದ್ದರೆ ಪಾರ್ಸ್ ಎಡವುತ್ತದೆ.

ಯುಎಸ್ ಎರರ್‌ಗೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಡೇಟಾಸೆಟ್ ಹೆಸರಿನಲ್ಲಿ ಅಕ್ಷರ ತಪ್ಪು. ಹೆಸರು ಸಿಗದಿದ್ದಾಗ ಲೊಕೇಶನ್ ಊಹಿಸಲು ದಾರಿಯಿಲ್ಲದೆ ಯುಎಸ್‌ಗೆ ಹೋಗುತ್ತದೆ. ಹೆಸರು ಸರಿ ಇದ್ದರೆ ಮೋರ್ → ಕ್ವೆರಿ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಯುಎಸ್‌ಗೆ ಕಟ್ಟಿಹಾಕಿದೆಯೇ ನೋಡಿ.

ಉತ್ತರ 3
ಸಜೆಶನ್‌ಗೆ ಸುಲಭ ದಾರಿ: ಫ್ರಮ್ ಮೊದಲು ಬರೆಯಿರಿ. ಯಾವ ಟೇಬಲ್ ಎಂದು ತಿಳಿಯದೆ ಎಡಿಟರ್ ಕಾಲಂ ಹೆಸರು ಎಲ್ಲಿಂದ ತರಬೇಕು? ಆಮೇಲೆ ಮೇಲೆ ಹೋಗಿ ಸೆಲೆಕ್ಟ್ ತುಂಬಿ, ಕಂಟ್ರೋಲ್ + ಸ್ಪೇಸ್ ಒತ್ತಿ. ಕಂಟ್ರೋಲ್ + ಶಿಫ್ಟ್ + ಎಫ್ ಫಾರ್ಮ್ಯಾಟ್ ಮಾಡುತ್ತದೆ.

ಇನ್ನೊಂದು, ಇದನ್ನು ಇವತ್ತೇ ಮಾಡಿ. ಕ್ವೆರಿ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಭಾಗದಲ್ಲಿ ‘ಮ್ಯಾಕ್ಸಿಮಮ್ ಬೈಟ್ಸ್ ಬಿಲ್ಡ್’ ಇದೆ. 10 ಜಿಬಿಗೆ 1ರ ಮುಂದೆ ಹತ್ತು ಸೊನ್ನೆ, ಬೈಟ್‌ನಲ್ಲೇ ಬರೆಯಬೇಕು. ಅಂದಾಜು ಅದನ್ನು ದಾಟಿದರೆ ಕ್ವೆರಿ ನಿಂತುಹೋಗುತ್ತದೆ, ಬಿಲ್ ಬರುವುದಿಲ್ಲ. ಕ್ಲಸ್ಟರ್ ಮಾಡಿದ ಟೇಬಲ್‌ನಲ್ಲಿ ಅಂದಾಜು ಎಂದರೆ ಗರಿಷ್ಠ ಮಿತಿ, ಹಾಗಾಗಿ ನಿಜಕ್ಕೂ ಕಡಿಮೆ ಓದುವ ಕ್ವೆರಿಯೂ ಒಮ್ಮೊಮ್ಮೆ ಇದಕ್ಕೆ ಸಿಕ್ಕಿಬೀಳುತ್ತದೆ. ತಂಡದಲ್ಲಿ ಹಲವರಿದ್ದರೆ ಒಬ್ಬೊಬ್ಬರ ದಿನದ ಕೋಟಾ ಪ್ರಾಜೆಕ್ಟ್ ಮಟ್ಟದಲ್ಲೇ ಇಡಿ. ಟೇಬಲ್‌ಗೂ ಪಾರ್ಟಿಷನ್ ಫಿಲ್ಟರ್ ಕಡ್ಡಾಯ ಮಾಡಬಹುದು, ಆಗ ತಾರೀಖು ಇಲ್ಲದ ಕ್ವೆರಿ ಓಡುವುದೇ ಇಲ್ಲ.

ಮರುಪ್ರಶ್ನೆ
ಸರ್, ಒಂದು ದಿನಕ್ಕೆ ಎಲ್ಲ ಕಾಲಂ ಸೇರಿ 1 ಜಿಬಿ, ಕಚ್ಚಾ ಕಾಲಂ ಬಿಟ್ಟರೆ 30 ಎಂಬಿ ಬಂತು. ಆದರೆ ಸೆಲೆಕ್ಟ್ ಭಾಗವನ್ನಷ್ಟೇ ಆಯ್ದು ಕಂಟ್ರೋಲ್ + ಇ ಒತ್ತಿದರೆ ‘ಅನ್‌ರೆಕಗ್ನೈಸ್ಡ್ ನೇಮ್’ ಎನ್ನುತ್ತದೆ. ಅದೇ ಕ್ವೆರಿಗೆ ಕ್ಯಾಶ್ (ಹಿಂದಿನ ಸಲ ಉಳಿಸಿಟ್ಟ ಫಲಿತಾಂಶ) ಕೂಡ ಸಿಗುತ್ತಿಲ್ಲ. ದಿನದ ಷರತ್ತಿಗೆ ಈಗ ಕರೆಂಟ್ ಡೇಟ್ ಬಳಸುವ ಇನ್ನೊಂದು ರೂಪವೂ ಇದೆ.

ಉತ್ತರ 2
ಕಂಟ್ರೋಲ್ + ಇ ಆಯ್ದ ಭಾಗವನ್ನಷ್ಟೇ ಕಳಿಸುತ್ತದೆ. ಡಿಕ್ಲೇರ್ ಸಾಲು ಹೋಗದಿದ್ದರೆ ವೇರಿಯಬಲ್ ಯಾರಿಗೂ ಗೊತ್ತಿಲ್ಲ. ಅದನ್ನೂ ಸೇರಿಸಿ ಆಯ್ಕೆ ಮಾಡಿ. ಸ್ಕ್ರಿಪ್ಟ್ ಓಡಿದಾಗ ಕೆಳಗೆ ಸ್ಟೇಟ್‌ಮೆಂಟ್‌ಗಳ ಪಟ್ಟಿ ಬರುತ್ತದೆ, ಬೇಕಾದುದರ ಎದುರು ‘ವ್ಯೂ ರಿಸಲ್ಟ್ಸ್’ ಒತ್ತಬೇಕು.

ಕ್ಯಾಶ್ ಸುಮಾರು 24 ಗಂಟೆ ಇರುತ್ತದೆ, ಆದರೆ ಕ್ವೆರಿಯ ಪಠ್ಯ ಅಕ್ಷರಶಃ ಒಂದೇ ಇರಬೇಕು. ಕಾಮೆಂಟ್ ಬದಲಾದರೂ ತಪ್ಪುತ್ತದೆ. ಕರೆಂಟ್ ಡೇಟ್ ಇದ್ದರೆ ಕ್ಯಾಶ್ ಬಳಕೆಯಾಗುವುದೇ ಇಲ್ಲ. ಟೇಬಲ್‌ಗೆ ಈಗಷ್ಟೇ ಸ್ಟ್ರೀಮಿಂಗ್‌ನಲ್ಲಿ ಸಾಲು ಬಂದಿದ್ದರೂ ಇಲ್ಲ. ಒಂದೇ ದಿನವನ್ನು ಮತ್ತೆ ಮತ್ತೆ ನೋಡುವುದಿದ್ದರೆ ತಾರೀಖನ್ನು ನೇರವಾಗಿ ಬರೆದುಬಿಡಿ. ಡಿಕ್ಲೇರೂ ಬೇಕಾಗುವುದಿಲ್ಲ, ಕಂಟ್ರೋಲ್ + ಇ ಕೂಡ ಕೆಲಸ ಮಾಡುತ್ತದೆ.