ಸಹಾಯ ಬೇಕು: ಡೇಜಾನ್ ನಗರದ ಯುಸಂಗ್-ಗುವಿನಲ್ಲಿ ಬಾಡಿಗೆ ಮನೆ, ವಿಳಾಸ ನೋಂದಣಿ

ಗುಂಪಿನ ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಸಂಶೋಧನೆಗಾಗಿ ದಕ್ಷಿಣ ಕೊರಿಯಾದ ಡೇಜಾನ್ ನಗರದ ಕೈಸ್ಟ್ ಸಂಸ್ಥೆಗೆ ಹೊರಟಿದ್ದು, ಕೆಲವು ತಿಂಗಳು ಹಾಸ್ಟೆಲ್‌ನಲ್ಲಿದ್ದು ಬಳಿಕ ಬಾಡಿಗೆ ಮನೆಗೆ ಹೋಗಬೇಕೆಂದಿದ್ದಾಳೆ. ಡೇಜಾನ್‌ನಲ್ಲಿ ‘ಗು’ ಎಂಬ 5 ಆಡಳಿತ ಜಿಲ್ಲೆಗಳಿವೆ; ನಮ್ಮ ಪಾಲಿಕೆಯ ವಲಯ ಕಚೇರಿಗಳಂತಲ್ಲದೆ ಇವಕ್ಕೆ ಜನರೇ ಆರಿಸಿದ ಮುಖ್ಯಸ್ಥರಿರುತ್ತಾರೆ. ಸಂಸ್ಥೆ ಇರುವುದು ಅವುಗಳಲ್ಲೇ ಅತಿ ವಿಸ್ತಾರವಾದ, ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಯುಸಂಗ್-ಗುವಿನಲ್ಲಿ.

ನಮ್ಮ ಗೊಂದಲ ಇಷ್ಟೇ. ಗುಂಗ್-ದೊಂಗ್ ಬಡಾವಣೆ ಸಂಸ್ಥೆಗೆ ಸಮೀಪವಿದೆ. ಗಪ್‌ಚಾನ್ ಹೊಳೆಯಾಚೆಯ ವಲ್ಪ್ಯಂಗ್-ದೊಂಗ್‌ನಲ್ಲಿ ಮೆಟ್ರೊ 1ನೇ ಮಾರ್ಗದ ನಿಲ್ದಾಣವಿದೆ, ಆದರೆ ಅದು ಸೊ-ಗುವಿಗೆ ಸೇರುತ್ತದೆ. ವಿದೇಶಿಯರು ಮನೆ ಬದಲಿಸಿದ 15 ದಿನಗಳೊಳಗೆ ಹೊಸ ವಿಳಾಸವನ್ನು ವಲಸೆ ಕಚೇರಿಗೋ ಆಯಾ ಗು ಕಚೇರಿಗೋ ತಿಳಿಸಬೇಕಾಗಿರುವುದರಿಂದ, ಬಾಡಿಗೆ ಕರಾರು ಪತ್ರದ ಜೊತೆಗೆ ಯಾವ ದಾಖಲೆಗಳನ್ನು ಒಯ್ಯಬೇಕು, ಯುಸಂಗ್-ಗು ಕಚೇರಿಯಲ್ಲಿ ಇಂಗ್ಲಿಷಿನಲ್ಲಿ ವ್ಯವಹರಿಸಲು ಸಾಧ್ಯವೇ ಎಂಬುದನ್ನು ಅಲ್ಲಿ ವಾಸಿಸಿದವರು ದಯವಿಟ್ಟು ತಿಳಿಸಿ. ‘ವಲ್ಸೆ’ ಎಂಬ ತಿಂಗಳ ಬಾಡಿಗೆ ಪದ್ಧತಿಯಲ್ಲಿ ಒಂದು ಕೋಣೆಯ ಮನೆಗೆ ಸದ್ಯ ಎಷ್ಟು ಮುಂಗಡ ಕೇಳುತ್ತಾರೆ? ಅವಳು ಸಸ್ಯಾಹಾರಿಯಾದ್ದರಿಂದ (ಅಮ್ಮನ ಚಿಂತೆಯೆಲ್ಲ ಇದರದ್ದೇ) ತೊಗರಿಬೇಳೆ ಸಿಗುವ ಅಂಗಡಿಯೊಂದು ಹತ್ತಿರದಲ್ಲಿದ್ದರೆ ಅದನ್ನೂ ಹೇಳಿ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಓದಿ ವಿವರಿಸಬಲ್ಲ, ಕೊರಿಯನ್ ಬಲ್ಲ ಕನ್ನಡಿಗರು ಯಾರಾದರೂ ಇದ್ದರೆ ನನಗೆ ಸಂದೇಶ ಕಳುಹಿಸಬೇಕೆಂದು ವಿನಂತಿ.