ಬೇಸಿಗೆಯಿಂದ ದಸರಾತನಕ ಅಪಾರ್ಟ್‌ಮೆಂಟ್ ವಾಸ: ದಾವಣಗೆರೆ ಕಡೆಯವ್ರು ಅನುಭವ ಹೇಳ್ರಿ

ಕೇಳಿದೋರು: ಶಾಮನೂರು ರೋಡ್

ನಮಸ್ಕಾರ ಎಲ್ರಿಗೂ. ನಾವು ಹರಿಹರದಲ್ಲಿ ಹೆಂಚಿನ ಮನೇಲಿದ್ದೋರು, ಮಕ್ಕಳ ಸ್ಕೂಲು ಅಂತ ಸಂಕ್ರಾಂತಿ ಆದ್ಮೇಲೆ ದಾವಣಗೆರೆಗೆ ಬಂದು ಒಂದು ಅಪಾರ್ಟ್‌ಮೆಂಟಲ್ಲಿ ಬಾಡಿಗೆಗೆ ಇದೀವಿ. 24 ಮನೆ, ನಮ್ದು ಕಡೇ ಮಹಡಿ. ಇನ್ನೂ ಶಿವರಾತ್ರಿನೇ ಮುಗ್ದಿಲ್ಲ, ಆಗ್ಲೇ ಮಧ್ಯಾಹ್ನ ರೂಮಲ್ಲಿ ಕೂರೋಕಾಗಲ್ಲ, ವಾಟ್ಸಾಪ್ ಗ್ರೂಪಲ್ಲಿ ನೀರಿನ ಜಗಳನೂ ಶುರು ಆಗೈತೆ. ಇಲ್ಲಿಂದ ಗಣಪನ ಹಬ್ಬ, ದಸರಾತನಕ ಏನೇನು ಎದುರಾಗುತ್ತೆ, ಏನು ಮುಂಚೆನೇ ಮಾಡ್ಕೊಂಡ್ರೆ ಒಳ್ಳೇದು? ಅತ್ತೆಯವ್ರಿಗಂತೂ ಸಂಡಿಗೆ ಒಣಗ್ಸೋಕೆ ಟೆರೇಸ್ ಬಿಡ್ತಾರೋ ಇಲ್ವೋ ಅನ್ನೋದೇ ಚಿಂತೆ.

ಎಂ.ಸಿ.ಸಿ. ಬಿ ಬ್ಲಾಕ್, ಅಸೋಸಿಯೇಷನ್ ಖಜಾಂಚಿ:

ಮೇಡಂ, ನೀರಿಂದ ಶುರು ಮಾಡ್ತೀನಿ, ಬೇಸಿಗೇಲಿ ಬೇರೆ ಜಗಳ ಎಲ್ಲಾ ಅದರ ಹಿಂದೆನೇ ಬರೋದು. ನಮ್ಮೂರಿಗೆ ಒಂದು ಕಡೆ ನಿಮ್ಮ ಹರಿಹರದ ಹತ್ರ ರಾಜನಹಳ್ಳಿಯಿಂದ ತುಂಗಭದ್ರಾ ಹೊಳೆ ನೀರು ಪಂಪ್ ಆಗಿ ಬರುತ್ತೆ, ಇನ್ನೊಂದು ಕಡೆ ಭದ್ರಾ ನಾಲೆ ನೀರನ್ನ ಕುಂದವಾಡ ಕೆರೆಗೂ ಟಿವಿ ಸ್ಟೇಷನ್ ಕೆರೆಗೂ ತುಂಬಿಸಿಟ್ಕೋತಾರೆ. ನಾಲೆ ಬಂದ್ ಆಯ್ತು, ಹೊಳೇಲೂ ನೀರು ಇಳೀತು ಅಂದ್ರೆ ಕೆರೇಲಿರೋದನ್ನೇ ತೂಗಿಸ್ಕೊಂಡು ಹೋಗ್ಬೇಕು, ಆಗ ನಲ್ಲಿ ಬಿಡೋ ಅಂತರ ಹೆಚ್ಚಾಗುತ್ತೆ. ಅದಕ್ಕೇ ಪೇಪರಲ್ಲಿ ನಾಲೆಗೆ ಯಾವಾಗ ನೀರು, ಯಾವಾಗ ಬಂದ್ ಅನ್ನೋ ಸುದ್ದಿ ರೈತ್ರು ಮಾತ್ರ ಅಲ್ಲ, ಅಪಾರ್ಟ್‌ಮೆಂಟ್ ಸೆಕ್ರೆಟರಿನೂ ಓದ್ಬೇಕು.

ಈಗ ಲೆಕ್ಕ. ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರಿ ಅಳತೆ. ನಿಮ್ಮ 24 ಮನೆಗೆ ತಲಾ ನಾಲ್ಕು ಜನ ಹಿಡಿದ್ರೂ ದಿನಕ್ಕೆ ಹತ್ರ ಹತ್ರ 13 ಸಾವಿರ ಲೀಟರ್ ಬೇಕು. 5 ಸಾವಿರ ಲೀಟರಿನ ಟ್ಯಾಂಕರ್ ಬೆಳಿಗ್ಗೆ ಆರಕ್ಕೆ ತರಿಸಿದ್ರೆ ಸಂಜೆ ಹೊತ್ತಿಗೆ ಖಾಲಿ. ಇದು ಗೊತ್ತಿಲ್ದೇ "ನಿನ್ನೆ ತಾನೇ ಟ್ಯಾಂಕರ್ ಬಂತಲ್ರೀ, ನೀರು ಎಲ್ಲೋಯ್ತು" ಅಂತ ವಾಚ್‌ಮನ್ ಮೇಲೆ ಕೂಗಾಡ್ತಾರೆ ಪಾಪ. ನಾವು ಏನ್ ಮಾಡಿದ್ವಿ ಅಂದ್ರೆ ಒಂದು ಬಿದಿರು ಕೋಲಿಗೆ ಗೇಣುಗೇಣಿಗೆ ಬಣ್ಣದ ಗೆರೆ ಹಾಕಿ ಸಂಪಿನ ಹತ್ರ ಇಟ್ಟಿದೀವಿ, ದಿನಾ ಬೆಳಿಗ್ಗೆ ಅದನ್ನ ಇಳಿಸಿ ಎಷ್ಟು ಗೆರೆ ನೀರೈತೆ, ಬೋರ್ ಎಷ್ಟು ತಾಸು ಓಡ್ತು, ಟ್ಯಾಂಕರ್ ಬಂತಾ, ಎಷ್ಟು ದುಡ್ಡು ಅಂತ ನೋಟ್‌ಬುಕ್ಕಲ್ಲಿ ಬರೆದು ಅದೇ ಪುಟದ ಫೋಟೋ ಗ್ರೂಪಿಗೆ ಹಾಕೋದು. ಮಾತು ಬೇಡ, ಫೋಟೋ ಅಷ್ಟೇ. ಗ್ರೂಪು ಅರ್ಧ ತಣ್ಣಗಾಯ್ತು.

ಇನ್ನೊಂದು, ಮಧ್ಯಾಹ್ನ ಹನ್ನೊಂದರಿಂದ ನಾಲ್ಕರ ತನಕ ವಾಲ್ವ್ ಬಂದ್ ಮಾಡೋಣ ಅಂತ ಯಾರಾದ್ರೂ ಹೇಳೇ ಹೇಳ್ತಾರೆ, ಒಪ್ಬೇಡ್ರಿ. ಬಂದ್ ಆಗುತ್ತೆ ಅಂತ ಗೊತ್ತಾದ ತಕ್ಷಣ ಮನೆಮನೇಲೂ ಡ್ರಮ್ಮು, ಬಕೆಟ್ಟು, ಇಡ್ಲಿ ಕುಕ್ಕರ್ ಸಮೇತ ತುಂಬಿಟ್ಕೋತಾರೆ, ಮಾರನೇ ದಿನ ಹಳೇ ನೀರು ಅಂತ ಚೆಲ್ತಾರೆ. ಅದರ ಬದ್ಲು ಪ್ರತಿ ಮನೆ ಫ್ಲಶ್ ಟ್ಯಾಂಕಿಗೆ ಚೂರು ಕುಂಕುಮ ಹಾಕಿ ಅರ್ಧ ಗಂಟೆ ಬಿಟ್ಟು ನೋಡೋಕೆ ಹೇಳ್ರಿ, ಫ್ಲಶ್ ಮಾಡ್ದೇನೇ ಕೆಳಗೆ ಕೆಂಪಗಾದ್ರೆ ಲೀಕ್ ಐತೆ ಅಂತ. ಸಣ್ಣ ವಾಷರ್ ಕೆಲ್ಸ. ನಮ್ಮಲ್ಲಿ ನೀರು ಜಾಸ್ತಿ ಹೋಗ್ತಿದ್ದಿದ್ದೇ ಹಿಂಗೆ, ಯಾರೂ ಕಾರು ತೊಳ್ದಿದ್ದಕ್ಕಲ್ಲ.

ವಿದ್ಯಾನಗರ, ಕಡೇ ಮಹಡಿಯವರು:

ಅಕ್ಕ, ನಿಮ್ಮ ಸಂಕಟ ನಂಗೆ ಗೊತ್ತು, ನಮ್ದೂ ಮೇಲಿನ ಮನೆನೇ. ಹೆಂಚಿನ ಮನೇಲಿದ್ದೋರಿಗೆ ಇದು ಅರ್ಥ ಆಗೋಕೆ ಒಂದು ಬೇಸಿಗೆ ಬೇಕು. ಹೆಂಚು ಸಂಜೆ ಬೇಗ ಆರುತ್ತೆ, ಸ್ಲ್ಯಾಬು ಹಗಲೆಲ್ಲಾ ಬಿಸಿಲು ಕುಡಿದು ರಾತ್ರಿ ಕೆಳಗೆ ಬಿಡುತ್ತೆ, ಅದಕ್ಕೇ ಮಧ್ಯಾಹ್ನಕ್ಕಿಂತ ರಾತ್ರಿ ಹತ್ತಕ್ಕೆ ಸೆಕೆ ಜಾಸ್ತಿ, ಫ್ಯಾನ್ ಹಾಕಿದ್ರೆ ಮೇಲಿಂದ ಕಾವು ಸುರಿದಂಗಾಗುತ್ತೆ. ಬೆಳಿಗ್ಗೆ ಹತ್ತರ ಹೊತ್ತಿಗೇ ಪಶ್ಚಿಮದ ಕಿಟಕಿ ಮುಚ್ಚಿ ಪರದೆ ಎಳೀರಿ, ಸಂಜೆ ಹೊತ್ತು ಮುಳುಗಿದ್ಮೇಲೆ ಎಲ್ಲಾ ತೆಗೀರಿ. ಟೆರೇಸಿಗೆ ಸುಣ್ಣ ಎರಡು ಕೋಟ್ ಬಳಿಸಿದ್ರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತೆ, ಮಳೇಲಿ ತೊಳ್ದು ಹೋಗುತ್ತೆ ಅನ್ನೋದು ನಿಜ, ವರ್ಷಾ ಮಾರ್ಚಲ್ಲಿ ಮತ್ತೆ ಬಳಿಸ್ಬೇಕು. ಕೂಲ್ ರೂಫ್ ಪೇಂಟು ಬರ್ತಾವೆ, ರೇಟು ಜಾಸ್ತಿ, ಬಾಳಿಕೆನೂ ಜಾಸ್ತಿ.

"ನಿಮ್ಮ ಮನೆ ಮೇಲೆ ತಾನೇ, ನೀವೇ ಬಳಿಸ್ಕೊಳ್ಳಿ" ಅಂತಾರೆ, ಕೇಳ್ಬೇಡ್ರಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೇಲಿ ಛಾವಣಿ ಎಲ್ಲರಿಗೂ ಸೇರಿದ ಜಾಗದ ಪಟ್ಟೀಲೇ ಐತೆ. ಟೆರೇಸಲ್ಲಿ ಎಲ್ಲರ ಸೋಲಾರ್ ಇರುತ್ತೆ, ಎಲ್ಲರ ಟ್ಯಾಂಕ್ ಇರುತ್ತೆ, ಖರ್ಚು ಬಂದಾಗ ಮಾತ್ರ ಮೇಲಿನ ಮನೆಯವ್ರದ್ದಾ? ನಿಮ್ಮ ಓನರ್ ಕೈಲಿ ಮೀಟಿಂಗಲ್ಲಿ ಈ ಮಾತು ಹೇಳ್ಸಿ.

ಕೂಲರ್ ತಗೊಳ್ಳಿ ಮೊದ್ಲು, ಏಸಿ ಆಮೇಲೆ ನೋಡೋಣ. ನಮ್ಮ ಕಡೆ ಮಾರ್ಚ್‌ನಿಂದ ಮೇ ತನಕ ಒಣ ಬಿಸಿಲು, ಅದಕ್ಕೆ ಕೂಲರ್ ಚೆನ್ನಾಗಿ ಕೆಲ್ಸ ಮಾಡುತ್ತೆ, ಎದುರಿನ ಕಿಟಕಿ ಮಾತ್ರ ತೆಗ್ದಿರ್ಬೇಕು. ಮಳೆಗಾಲ ಶುರು ಆದ್ಮೇಲೆ ಹಾಕಿದ್ರೆ ಬರೀ ಜಿಗುಟು. ಗೃಹಜ್ಯೋತಿ ಇದ್ರೆ ಇದೂ ಲೆಕ್ಕಕ್ಕೆ ಇಟ್ಕೊಳ್ಳಿ, ತಿಂಗಳಿಗೆ 200 ಯೂನಿಟ್ ದಾಟ್ತು ಅಂದ್ರೆ ದಾಟಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಬೇಕು. ಒಂದು ಟನ್ ಏಸಿ ಗಂಟೆಗೆ ಹೆಚ್ಚುಕಮ್ಮಿ ಒಂದು ಯೂನಿಟ್ ತಿನ್ನುತ್ತೆ, ರಾತ್ರಿ ಏಳೆಂಟು ತಾಸು ಓಡ್ಸಿದ್ರೆ ಏಪ್ರಿಲಲ್ಲಿ ಏನಾಗುತ್ತೆ ನೀವೇ ಗುಣಿಸ್ಕೊಳ್ಳಿ.

ಸಂಡಿಗೆ ವಿಷ್ಯ: ಅತ್ತೆಯವ್ರಿಗೆ ಧೈರ್ಯ ಹೇಳ್ರಿ. ನಮ್ಮಲ್ಲಿ ವಾರದ ದಿನ ಹಂಚ್ಕೊಂಡು ಟೆರೇಸ್ ಬಾಗಿಲಿಗೆ ಚೀಟಿ ಅಂಟಿಸಿದಾರೆ. ಬೆಳಗಿನ ಜಾವ ಹಿಟ್ಟು ಕುದಿಸಿ ಏಳೂವರೆಗೆಲ್ಲಾ ಪಂಚೆ ಹಾಸಿ ಇಕ್ಕಿ ಮುಗಿಸಿದ್ರೆ ಸಂಜೆ ಹೊತ್ತಿಗೆ ಮೇಲ್ಮೈ ಗಟ್ಟಿ ಆಗಿರುತ್ತೆ, ಎರಡನೇ ದಿನ ಪಂಚೆ ಹಿಂದ್ಗಡೆ ನೀರು ಚಿಮುಕಿಸಿ ಬಿಡಿಸ್ಬೇಕು. ಸೋಲಾರ್ ಪ್ಲೇಟಿಗೆ ನೆರಳು ಬೀಳೋ ಹಂಗೆ ಮಂಚ ನಿಲ್ಲಿಸ್ಬೇಡ್ರಿ, ಕಬ್ಬಿಣದ ಮಂಚ ಎಳೆದಾಡಿದ್ರೆ ವಾಟರ್‌ಪ್ರೂಫಿಂಗ್ ಕಿತ್ತು ಬರುತ್ತೆ, ಹೊತ್ಕೊಂಡು ಹೋಗ್ರಿ. ಬ್ಯಾಡಗಿ ಮೆಣಸಿನಕಾಯಿ ಒಣಗ್ಸೋ ದಿನ ಗ್ರೂಪಲ್ಲಿ ಹಿಂದಿನ ರಾತ್ರಿನೇ ಒಂದು ಮಾತು ಹಾಕ್ಬಿಡಿ, ಘಾಟಿಗೆ ಮೇಲೆ ವಾಕ್ ಮಾಡೋ ಅಂಕಲ್‌ಗಳು ಕೆಮ್ಮಿ ಕೆಮ್ಮಿ ಅಸೋಸಿಯೇಷನ್ನಿಗೆ ಕಂಪ್ಲೇಂಟ್ ಕೊಡ್ತಾರೆ. ಸಂಡಿಗೆ ಮೊದಲನೇ ಘಾಣ ಕರಿದು ಆಚೀಚೆ ಮನೆಗೆ ಕೊಟ್ಟು ಬಿಡಿ, ಮುಂದಿನ ವರ್ಷ ಅವ್ರೇ ಕಾಯ್ತಾರೆ.

ಕೆ.ಬಿ. ಬಡಾವಣೆ:

ಮಕ್ಕಳ ರಜೆ ಬಗ್ಗೆ ಯಾರೂ ಹೇಳ್ಲಿಲ್ವಲ್ಲ! ಪಾರ್ಕಿಂಗಲ್ಲಿ ಕ್ರಿಕೆಟ್ಟು, ಕಾರಿನ ಕನ್ನಡಿ, ಆಮೇಲೆ ದೊಡ್ಡೋರ ಜಗಳ. ಬೆಳಿಗ್ಗೆ ಕಾರುಗಳು ಆಚೆ ಹೋದ್ಮೇಲೆ ಒಂದು ತಾಸು, ಸಂಜೆ ಒಂದು ತಾಸು, ಟೆನ್ನಿಸ್ ಬಾಲ್ ಮಾತ್ರ ಅಂತ ಮಕ್ಕಳ ಕೈಲೇ ರೂಲ್ಸ್ ಬರೆಸಿದ್ವಿ, ದೊಡ್ಡೋರು ಬರೆದಿದ್ರೆ ಕೇಳ್ತಿರ್ಲಿಲ್ಲ.

ನಿಟುವಳ್ಳಿ, ಸಿವಿಲ್ ಕೆಲ್ಸದವನು:

ಬೇಸಿಗೆ ಹೆಂಗೋ ಕಳೀತೀರಿ ಸಿಸ್ಟರ್, ಕಡೇ ಮಹಡಿಗೆ ನಿಜವಾದ ಪರೀಕ್ಷೆ ಮಳೇಲಿ. ನಮ್ಮ ಕಡೆ ಜೂನ್ ಜುಲೈನಲ್ಲಿ ತುಂತುರು, ಗಾಳಿ, ಮೋಡ, ಅಷ್ಟೇ. ಸೆಪ್ಟೆಂಬರ್ ಅಕ್ಟೋಬರಲ್ಲಿ ಸಂಜೆ ಗುಡುಗು ಹಾಕ್ಕೊಂಡು ಒಂದೇ ತಾಸಲ್ಲಿ ಸುರಿಯೋದೈತಲ್ಲ, ಅದು ತೋರಿಸುತ್ತೆ ಎಲ್ಲಿ ಬಿರುಕೈತೆ ಅಂತ. ಆಗ ರಿಪೇರಿ ಮಾಡೋಕಾಗಲ್ಲ, ಹಸಿ ಮೇಲೆ ಯಾವ ಕೆಮಿಕಲ್ಲೂ ಹಿಡಿಯಲ್ಲ, ಮೇ ತಿಂಗಳಲ್ಲೇ ಮಾಡ್ಸಬೇಕು. ಪರೀಕ್ಷೆ ಸುಲಭ: ಟೆರೇಸಿನ ನೀರು ಹೋಗೋ ಪೈಪಿನ ಬಾಯಿ ಗೋಣಿಚೀಲ ತುರುಕಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ, ಒಂದೆರಡು ದಿನ ಬಿಟ್ಟು ಕೆಳಗಿನ ಸೀಲಿಂಗ್ ನೋಡೋದು. ಮೇ ತಿಂಗಳಲ್ಲಿ ಅಷ್ಟು ನೀರು ಎಲ್ಲಿಂದ ತರೋದು ಅಂತ ಖಜಾಂಚಿ ಸಾಹೇಬ್ರು ಬೈತಾರೆ, ಅದಕ್ಕೆ ಅನುಮಾನ ಇರೋ ಮೂಲೆಗೆ ಮಾತ್ರ ಇಟ್ಟಿಗೆ ಕಟ್ಟೆ ಕಟ್ಟಿ ನಿಲ್ಲಿಸಿ, ಬೋರ್ ನೀರು ಸಾಕು.

ಹೊಸ ಬಿಲ್ಡಿಂಗಾ ನಿಮ್ದು? ರೇರಾದಲ್ಲಿ, ಅಂದ್ರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಆಗಿರೋ ಪ್ರಾಜೆಕ್ಟ್ ಆದ್ರೆ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದಲ್ಲಿ, ಕೆಲ್ಸದ ಗುಣಮಟ್ಟದಲ್ಲಿ ದೋಷ ಕಂಡ್ರೆ ತಿಳಿಸಿದ 30 ದಿನದಲ್ಲಿ ಬಿಲ್ಡರ್ ತನ್ನ ಖರ್ಚಲ್ಲಿ ಸರಿ ಮಾಡ್ಕೊಡ್ಬೇಕು ಅಂತ 2016ರ ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತೆ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ, ಫೋಟೋ ಸಮೇತ ಓನರ್ ಕೈಲಿ ಬರವಣಿಗೇಲಿ ಕೊಡ್ಸಿ.

ಲಿಫ್ಟಿನ ಕೆಳಗಡೆ ಗುಂಡಿ ಒಂದ್ಸಲ ನೋಡ್ಸಿ. ದೊಡ್ಡ ಮಳೆ ಆದ್ಮೇಲೆ ಅಲ್ಲಿ ನೀರು ನಿಂತಿರುತ್ತೆ, ಯಾರೂ ಬಗ್ಗಿ ನೋಡಲ್ಲ, ಸರ್ವಿಸ್‌ನವ್ರು ಬಂದು ನೀರು ತೆಗೆಯೋ ತನಕ ಲಿಫ್ಟ್ ಹಾಕ್ಬೇಡ್ರಿ.

ಇನ್ನು ಟೆರೇಸಿನ ಮಳೆ ನೀರು ಚರಂಡಿಗೆ ಬಿಡೋರಿಗೆ ಏನ್ ಹೇಳ್ಲಿ. ಸಾವಿರ ಚದರಡಿ ಮೇಲೆ ಒಂದು ಮಿಲಿಮೀಟರ್ ಬಿದ್ರೆ 90 ಚಿಲ್ಲರೆ ಲೀಟರ್. ಐದು ಸಾವಿರ ಚದರಡಿ ಟೆರೇಸು, 20 ಮಿಲಿಮೀಟರ್ ಮಳೆ, ಅಂದ್ರೆ 9 ಸಾವಿರ ಲೀಟರ್ ಮೇಲೆ, ಸೋರಿದ್ದು ಆವಿಯಾಗಿದ್ದು ಬಿಟ್ರೂ ಒಂದೂವರೆ ಟ್ಯಾಂಕರ್ ನೀರು ಒಂದೇ ಸಂಜೇಲಿ. ಫಿಲ್ಟರ್ ಹಾಕಿ ಸಂಪಿಗೋ ಬೋರಿನ ಪಕ್ಕದ ಇಂಗುಗುಂಡಿಗೋ ತಿರುಗ್ಸಿ.

ಚಿತ್ರದುರ್ಗದಿಂದ:

ನಿಮಗಾದ್ರೂ ಹೊಳೆ ಹತ್ರ ಐತೆ ಕಣ್ರೀ, ನಮಗೆ ನೀರು ದೂರದ ಮಾರಿಕಣಿವೆ ಡ್ಯಾಮಿಂದಲೋ ಸೂಳೆಕೆರೆಯಿಂದಲೋ ಬರ್ಬೇಕು. ನಮ್ಮಲ್ಲಿ ಸೆಕೆಗಿಂತ ಆಷಾಢದ ಗಾಳಿ ಕಾಟ, ಊರಿನ ಪಕ್ಕದ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಬಾಲ್ಕನಿ ಕಟ್ಟೆ ಮೇಲೆ ಹೂಕುಂಡ ಇಟ್ಟಿದ್ರೆ ಆಷಾಢಕ್ಕೆ ಮುಂಚೆ ಕೆಳಗಿಳಿಸಿ. ನಾಲ್ಕನೇ ಮಹಡಿಯಿಂದ ತುಳಸಿ ಕುಂಡ ಪಾರ್ಕಿಂಗಿಗೆ ಬಿದ್ದಿದ್ದು ನಾನೇ ನೋಡಿದೀನಿ, ಪುಣ್ಯಕ್ಕೆ ಕೆಳಗೆ ಯಾರೂ ಇರ್ಲಿಲ್ಲ. ಸನ್‌ಶೇಡ್ ಕೆಳಗೆ ಹೆಜ್ಜೇನು ಕಟ್ಟಿದ್ರೆ ಹೊಗೆ ಹಾಕೋಕೆ ಹೋಗ್ಬೇಡ್ರಿ, ಆ ಬಾಲ್ಕನಿ ಬಾಗಿಲು ಮುಚ್ಚಿ ರಾತ್ರಿ ಲೈಟ್ ಆರಿಸಿ, ತೆಗೆಯೋ ಕೆಲ್ಸ ಗೊತ್ತಿರೋರನ್ನೇ ಕರೆಸಿ.

ತರಳಬಾಳು ಬಡಾವಣೆ, ನರ್ಸ್:

ಡೆಂಗಿ ಸೊಳ್ಳೆ ಚರಂಡೀಲಿ ಹುಟ್ಟಲ್ಲ, ತಿಳಿ ನೀರಲ್ಲಿ ಹುಟ್ಟುತ್ತೆ, ಹಗಲಲ್ಲೇ ಕಚ್ಚುತ್ತೆ. ಅಪಾರ್ಟ್‌ಮೆಂಟ್ ಅದಕ್ಕೆ ತವರುಮನೆ. ಬೇಸಿಗೆ ಮುಗೀತು ಅಂತ ಮೂಲೆಗೆ ತಳ್ಳಿದ ಕೂಲರಿನ ತಳದ ನೀರು, ಫ್ರಿಜ್ ಹಿಂದಿನ ಟ್ರೇ, ಹೂಕುಂಡದ ತಟ್ಟೆ, ಬೀಗ ಹಾಕಿ ಊರಿಗೆ ಹೋದೋರ ಬಾಲ್ಕನೀಲಿರೋ ಬಕೆಟ್ಟು, ಸಂಪಿನ ಮುಚ್ಚಳದ ಸಂದಿ. ಮೊಟ್ಟೆಯಿಂದ ಸೊಳ್ಳೆ ಆಗೋಕೆ ಒಂದು ವಾರ, ಹತ್ತು ದಿನ ಸಾಕು, ಅದಕ್ಕೇ ವಾರಕ್ಕೊಂದು ದಿನ ಎಲ್ಲಾ ಖಾಲಿ ಮಾಡಿ ಉಜ್ಜಿ ಒಣಗ್ಸೋದು. ಬರೀ ಚೆಲ್ಲಿದ್ರೆ ಸಾಲಲ್ಲ, ಮೊಟ್ಟೆ ಪಾತ್ರೆ ಅಂಚಿಗೆ ಅಂಟಿರುತ್ತೆ. ಸೊಳ್ಳೆ ಹೊಗೆ ಹೊಡೆಸಿದ್ವಿ ಅಂತ ಸುಮ್ನೆ ಕೂರ್ಬೇಡ್ರಿ, ಹೊಗೆಗೆ ಹಾರೋ ಸೊಳ್ಳೆ ಸಾಯುತ್ತೆ, ನೀರಲ್ಲಿರೋ ಮರಿ ಸಾಯಲ್ಲ.

ಅಕ್ಟೋಬರ್ ಬಂತು ಅಂದ್ರೆ ಭತ್ತದ ಗದ್ದೆ ಕಡೆಯಿಂದ ಸಣ್ಣ ಹಸಿರು ಹುಳ ಲೈಟಿಗೆ ಮುತ್ತುತ್ತೆ, ಸಂಜೆ ಏಳರಿಂದ ಒಂದೆರಡು ತಾಸು ಬಾಲ್ಕನಿ ಲೈಟ್ ಆರಿಸಿಟ್ರೆ ಸಾಕು, ಅನ್ನದ ತಟ್ಟೇಲಿ ಬೀಳಲ್ಲ.

ಎಸ್.ಎಸ್. ಬಡಾವಣೆ:

ಪಂಚಮಿಗೆ ಜೋಕಾಲಿ ಕಟ್ಟೋಕೆ ಜಾಗ ಇಲ್ಲ ಅನ್ನೋದೊಂದೇ ಬೇಜಾರು ನಂಗೆ, ಪಾರ್ಕಿಂಗ್ ಬೀಮಿಗೆ ಕೊಕ್ಕೆ ಹಾಕ್ಸೋಣ ಅಂದ್ರೆ ಯಾರೂ ಒಪ್ಪಲಿಲ್ಲ. ಗಣಪನ ಹಬ್ಬ ಮಾತ್ರ ಅಪಾರ್ಟ್‌ಮೆಂಟಲ್ಲೇ ಚಂದ. ಹೈಸ್ಕೂಲ್ ಮೈದಾನದ ಗಣಪನ್ನ ನೋಡ್ಕೊಂಡು ಬಂದ ಮಕ್ಕಳು ನಮ್ಗೂ ಅಷ್ಟೇ ದೊಡ್ಡದು ಬೇಕು ಅಂತ ಕೂರ್ತಾರೆ, ಬಗ್ಗಬೇಡ್ರಿ. ಒಂದೂವರೆ ಅಡಿ ಮಣ್ಣಿನದು ತಂದ್ರೆ ಪಾರ್ಕಿಂಗಲ್ಲೇ ಡ್ರಮ್ಮಲ್ಲಿ ಬಿಡಬಹುದು, ರಾತ್ರಿ ಬಿಟ್ರೆ ಬೆಳಿಗ್ಗೆಗೆ ಕರಗಿರುತ್ತೆ, ಮಣ್ಣು ಗಿಡದ ಬುಡಕ್ಕೆ. ಪಿಓಪಿದು (ಪ್ಲಾಸ್ಟರ್ ಆಫ್ ಪ್ಯಾರಿಸ್) ಬೇಡವೇ ಬೇಡ. ಸೌಂಡು ರಾತ್ರಿ ಹತ್ತಕ್ಕೆ ಬಂದ್, ಅದು ಹೆಂಗೂ ಕಾನೂನೇ, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಹೊರಗಡೆ ಸ್ಪೀಕರ್ ಹಾಕಂಗಿಲ್ಲ. ಕಡೇ ದಿನ ಊಟದ ಬದ್ಲು ಖಾರ ಮಂಡಕ್ಕಿ, ಮೆಣಸಿನಕಾಯಿ ಬೋಂಡ ಇಟ್ಕೊಂಡ್ರೆ ಖರ್ಚೂ ಕಡಿಮೆ, ನೀರೂ ಕಡಿಮೆ, ಪಾತ್ರೆ ತೊಳೆಯೋ ಗೋಜಿಲ್ಲ. ಹಬ್ಬದ ಪಟ್ಟಿ ದುಡ್ಡು ಮಾತ್ರ ಎಲ್ಲರತ್ರನೂ ಒಂದೇ ಸಮ ಎತ್ತಬೇಕು.

ಎಂ.ಸಿ.ಸಿ. ಬಿ ಬ್ಲಾಕ್, ಖಜಾಂಚಿ, ಮತ್ತೆ:

ಅದೊಂದು ಒಪ್ಪಲ್ಲ ಸರ್. ಪಟ್ಟಿ ಇಷ್ಟ ಇದ್ದೋರು ಕೊಡೋದು, ಮೇಂಟೆನೆನ್ಸ್ ಎಲ್ಲರೂ ಕೊಡಲೇಬೇಕಾದ್ದು, ಎರಡನ್ನೂ ಒಂದೇ ಅಕೌಂಟಿಗೆ ಹಾಕಿದ್ರೆ ಅಲ್ಲಿಗೆ ಮುಗೀತು. ನಮ್ಮಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಹಬ್ಬಕ್ಕೆ ಕೊಟ್ಟ ದುಡ್ಡು ಕಳೆದು ಮಿಕ್ಕಿದ್ದು ಮಾತ್ರ ಮೇಂಟೆನೆನ್ಸ್ ಅಂತ ಕಟ್ಟಿ ವರ್ಷಗಟ್ಟಲೆ ವಾದ ಮಾಡಿದ್ರು. ಬೇರೆ ರಸೀದಿ ಬುಕ್ಕು, ಬೇರೆ ಲೆಕ್ಕ, ವಿಸರ್ಜನೆ ಮಾರನೇ ದಿನ ನೋಟಿಸ್ ಬೋರ್ಡಿಗೆ.

ಎಸ್.ಎಸ್. ಬಡಾವಣೆ:

ಬೇರೆ ಲೆಕ್ಕ ಒಪ್ಪಿದೆ. ಆದ್ರೆ ಇಷ್ಟ ಇದ್ದೋರು ಅಂದ್ರೆ ಕೊಡೋರು ಆರು ಮನೆ, ಬೋಂಡ ತಿನ್ನೋಕೆ ಬರೋರು ಇಪ್ಪತ್ನಾಲ್ಕು ಮನೆ ಆಗುತ್ತೆ, ನೋಡ್ಕೊಳ್ಳಿ.

ಕೇಳಿದೋರು: ಶಾಮನೂರು ರೋಡ್

ಎಷ್ಟು ವಿಷ್ಯ ಹೇಳಿದ್ರಿ, ಎಲ್ಲರಿಗೂ ಥ್ಯಾಂಕ್ಸ್. ಕುಂಕುಮದ ಪರೀಕ್ಷೆ ಈಗ್ಲೇ ಮಾಡಿದೆ, ನಮ್ದೇ ಒಂದು ಲೀಕ್ ಐತೆ! ಒಂದು ಅನುಮಾನ, ಬಾಡಿಗೆಯವ್ರು ಮೀಟಿಂಗಲ್ಲಿ ಮಾತಾಡಬಹುದಾ? ಟ್ಯಾಂಕರ್ ದುಡ್ಡು ನಾವು ಕೊಡ್ಬೇಕಾ ಓನರಾ?

ಎಂ.ಸಿ.ಸಿ. ಬಿ ಬ್ಲಾಕ್, ಖಜಾಂಚಿ:

ವೋಟು ಓನರ್‌ದು, ಮಾತಾಡೋಕೆ ಬೇಡ ಅನ್ನೋರು ಯಾರಿಲ್ಲ, ಅನುಮಾನ ಇದ್ರೆ ಓನರ್ ಕೈಲಿ ಒಂದು ಪತ್ರ ಬರೆಸ್ಕೊಂಡು ಹೋಗ್ರಿ. ದುಡ್ಡಿಂದು ನಿಮ್ಮ ಅಗ್ರಿಮೆಂಟಲ್ಲಿ ಏನೈತೆ ನೋಡ್ರಿ. ಸಾಮಾನ್ಯವಾಗಿ ತಿಂಗಳ ಮೇಂಟೆನೆನ್ಸು, ಟ್ಯಾಂಕರು ಇರೋರ ಪಾಲಿಗೆ, ಟೆರೇಸ್ ರಿಪೇರಿ, ಪೇಂಟು, ಹೊಸ ಮೋಟರ್ ಇಂಥವು ಓನರ್ ಪಾಲಿಗೆ. ಅಗ್ರಿಮೆಂಟಲ್ಲಿ ಬರೀ "ಮೇಂಟೆನೆನ್ಸ್" ಅಂತ ಒಂದೇ ಪದ ಇದ್ರೆ ಏಪ್ರಿಲ್‌ಗೆ ಮುಂಚೆ ಓನರ್‌ಗೆ ಫೋನ್ ಮಾಡಿ ಇತ್ಯರ್ಥ ಮಾಡ್ಕೊಂಡು ಅದನ್ನೇ ಮೆಸೇಜಲ್ಲೂ ಹಾಕಿಸ್ಕೊಳ್ಳಿ. ಫ್ಲಶ್ ವಾಷರ್ ಮಾತ್ರ ನೀವೇ ಹಾಕ್ಸಿ ಬಿಡಿ, ಅದಕ್ಕೆ ಓನರ್‌ನ ಕಾಯ್ತಾ ಕೂತ್ರೆ ಅಷ್ಟರಲ್ಲಿ ಒಂದು ಟ್ಯಾಂಕರ್ ನೀರು ಹೋಗಿರುತ್ತೆ.