ವಸಡಿನಲ್ಲಿ ರಕ್ತ, ನಾಲ್ಕು ಸಿಟ್ಟಿಂಗ್ ಡೀಪ್ ಕ್ಲೀನಿಂಗ್ ಅಂದಿದ್ದಾರೆ: ಮಾಡಿಸಿಕೊಂಡವರು ಅನುಭವ ಹೇಳಿ

ಹೊಸಬ
ವಯಸ್ಸು 41. ಏಳೆಂಟು ತಿಂಗಳಿಂದ ಬ್ರಷ್ ಮಾಡುವಾಗ ರಕ್ತ ಬರ್ತಿದೆ. ಮುಂದಿನ ಹಲ್ಲುಗಳ ಸಂದಿಯಲ್ಲಿ ವಸಡು ದಪ್ಪಗೆ ಊದಿಕೊಂಡಿದೆ. ನೋವಿಲ್ಲ. ಸಿಗರೇಟಿಲ್ಲ, ಸಕ್ಕರೆ ಕಾಯಿಲೆ ಇಲ್ಲ. ಎರಡು ವರ್ಷದಿಂದ ಬಿಪಿ ಮಾತ್ರೆ ತಗೋತೀನಿ, ಅಷ್ಟೇ. ಡೆಂಟಿಸ್ಟ್ ಅಳೆದು ನೋಡಿ ದವಡೆ ಹಲ್ಲುಗಳ ಹತ್ತಿರ 5 ಮಿ.ಮೀ. ಪಾಕೆಟ್ (ವಸಡು ಹಲ್ಲು ಬಿಟ್ಟು ಆದ ಸಂದು) ಇದೆ, ನಾಲ್ಕು ಸಿಟ್ಟಿಂಗ್ ಬೇಕು ಅಂದರು. ಮನೆಯಲ್ಲಿ ದೊಡ್ಡವರು ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ ಅಂತ ತಡೀತಿದ್ದಾರೆ. ಮಾಡಿಸಿಕೊಂಡವರು ದಯವಿಟ್ಟು ಹೇಳಿ, ನಿಮಗೆ ಏನಾಯ್ತು?

ಕೆಳದವಡೆ
ನಾನು ಎರಡು ಹಲ್ಲು ಕಳಕೊಂಡವನು, ಅದನ್ನ ಮೊದಲೇ ಹೇಳಿಬಿಡ್ತೀನಿ. 36ನೇ ವಯಸ್ಸಿಗೆ ರಕ್ತ ಶುರುವಾಯ್ತು. ಮೆತ್ತನೆಯ ಬ್ರಷ್ ತಂದೆ, ಪೇಸ್ಟ್ ಬದಲಿಸಿದೆ. ರಕ್ತ ಬರೋ ಜಾಗಕ್ಕೆ ಬ್ರಷ್ ತಾಗಿಸೋದನ್ನೇ ಬಿಟ್ಟೆ, ಅಲ್ಲೇ ಇನ್ನಷ್ಟು ಪಾಚಿ ಕಟ್ಟಿತು. ಆಗ ದಿನಕ್ಕೆ ಹತ್ತು ಸಿಗರೇಟು. ಎರಡು ವರ್ಷ ಆದಮೇಲೆ ರಕ್ತ ತಾನಾಗೇ ನಿಂತುಹೋಯ್ತು. ವಾಸಿಯಾಯ್ತು ಅಂತ ನಂಬಿದೆ. ಸಿಗರೇಟು ವಸಡಿನ ರಕ್ತನಾಳಗಳನ್ನ ಕುಗ್ಗಿಸುತ್ತೆ, ಒಳಗೆ ಮೂಳೆ ಕರಗ್ತಿದ್ದರೂ ಹೊರಗೆ ರಕ್ತ ಕಾಣಲ್ಲ ಅನ್ನೋದು ಗೊತ್ತಾಗಿದ್ದು 42ರಲ್ಲಿ, ಕೆಳಗಿನ ಮುಂದಿನ ಹಲ್ಲು ನಾಲಿಗೆ ತಾಗಿದರೂ ಅಲುಗಾಡೋಕೆ ಶುರುವಾದಾಗ.

ಆರು ಕಡೆ 7 ಮಿ.ಮೀ., ಒಂದು ಕಡೆ 9. ಮೂರರವರೆಗೆ ಚಿಂತೆಯಿಲ್ಲ ಅಂತಾರಲ್ಲ, ಅದರ ಮೂರು ಪಟ್ಟು. ನಾಲ್ಕು ಸಿಟ್ಟಿಂಗ್, ಒಂದೊಂದೂ ಒಂದೂಕಾಲು ಗಂಟೆ, ಪ್ರತಿ ಸಲ ಇಂಜೆಕ್ಷನ್ ಕೊಟ್ಟು ಬಾಯಿಯ ಕಾಲು ಭಾಗ ಮರಗಟ್ಟಿಸಿ ಬೇರಿನವರೆಗೂ ಕೆರೆದರು. ಎರಡು ಹಲ್ಲು ಕಿತ್ತರು. ಎಂಟು ವಾರ ಬಿಟ್ಟು ಮತ್ತೆ ಅಳೆದಾಗ ಎಡಗಡೆ ಎರಡು ಪಾಕೆಟ್ ಇಳಿದಿರಲಿಲ್ಲ, ವಸಡು ಬಿಡಿಸಿ ಫ್ಲ್ಯಾಪ್ ಸರ್ಜರಿ ಮಾಡಿದರು. ಹೊಲಿಗೆ ಹತ್ತು ದಿನ. ಕ್ಲೋರ್‌ಹೆಕ್ಸಿಡಿನ್ ಅನ್ನೋ ಔಷಧಿ ನೀರು ಮುಕ್ಕಳಿಸಿ ಹಲ್ಲೆಲ್ಲ ಕಂದು ಬಣ್ಣ, ಬಾಯಿಗೆ ರುಚಿಯೇ ಇಲ್ಲ. ಅವತ್ತಿಂದ ಹನ್ನೊಂದು ವರ್ಷ, ಮೂರು ತಿಂಗಳಿಗೊಮ್ಮೆ ಹೋಗ್ತೀನಿ. ನಲವತ್ತು ಸಲ ದಾಟಿದೆ. ಉಳಿದ ಹಲ್ಲು ಒಂದೂ ಹೋಗಿಲ್ಲ. ಆ ಆರು ವರ್ಷ ಯಾರಾದರೂ ನನ್ನ ಕತ್ತು ಹಿಡಿದು ಕರಕೊಂಡು ಹೋಗಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತೆ.

ಲೆಕ್ಕ ಕೇಳುವವ
ಇದರ ಇನ್ನೊಂದು ಮುಖಾನೂ ಕೇಳಿ. ನನಗೆ ರಕ್ತ ಇರಲಿಲ್ಲ, ನೋವಿರಲಿಲ್ಲ, ಸುಮ್ಮನೆ ಚೆಕಪ್‌ಗೆ ಹೋದವನು. ಹೋದ ಹತ್ತು ನಿಮಿಷಕ್ಕೆ ಮಷೀನು ಬಾಯಲ್ಲಿ. ಹೊರಗೆ ಬಂದಾಗ ಕೆಳಗಿನ ನಾಲ್ಕು ಹಲ್ಲಿನ ಮಧ್ಯೆ ಸಂದಿ, ನಾಲಿಗೆ ಹೊರಳಿಸಿದರೆ ಗಾಳಿ ನುಗ್ಗುತ್ತೆ. ಐದು ವಾರ ತಣ್ಣೀರು ಕುಡಿಯೋಕಾಗದೆ ಜುಮ್ ಅಂತಿತ್ತು. ಹೀಗಾಗಬಹುದು ಅಂತ ಮೊದಲು ಒಂದು ಮಾತು ಹೇಳಲಿಲ್ಲ. ಕೇಳಿದರೆ "ಎಲ್ಲರಿಗೂ ಆಗುತ್ತೆ" ಅಂದರು. ಆರು ತಿಂಗಳಿಗೆ ಸರಿಯಾಗಿ ಮತ್ತೆ ಬನ್ನಿ ಅಂತ ಮೆಸೇಜ್.

ಆಮೇಲೆ ನಾನೇ ಕೂತು ಓದಿದೆ. 2018ರ ಕಾಕ್ರೇನ್ ವಿಮರ್ಶೆ ಇದೆ, ಬೇರೆ ಬೇರೆ ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡಿದ್ದು: ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ವಾಡಿಕೆಯ ಕ್ಲೀನಿಂಗ್ ಮಾಡಿಸಿದವರಿಗೂ ಮಾಡಿಸದವರಿಗೂ ಎರಡು ಮೂರು ವರ್ಷದಲ್ಲಿ ವಸಡಿನ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮತ್ತೆ ಯಾಕೆ ಈ ಆರು ತಿಂಗಳ ಓಡಾಟ?

ಎರಡನೇ ಹೆರಿಗೆ
ಸಂದಿ ಕ್ಲೀನಿಂಗಿಂದ ಆಗಿದ್ದಲ್ಲ ಸರ್, ಮೊದಲೇ ಇತ್ತು, ಗಾರೆ, ಅಂದರೆ ಗಟ್ಟಿಯಾದ ಪಾಚಿ, ತುಂಬ್ಕೊಂಡು ಮುಚ್ಚಿತ್ತು. ಕೆಳಗಿನ ಮುಂದಿನ ಹಲ್ಲಿನ ಹಿಂಭಾಗದಲ್ಲೇ ಅದು ಹೆಚ್ಚು, ನಾಲಿಗೆ ಕೆಳಗಿನ ಜೊಲ್ಲಿನ ಗ್ರಂಥಿ ಅಲ್ಲೇ ತೆರೆಯೋದರಿಂದ ಜೊಲ್ಲಿನ ಕ್ಯಾಲ್ಸಿಯಂ ಅಲ್ಲೇ ಕೂತು ಕಲ್ಲಾಗುತ್ತೆ. ಊದಿದ ವಸಡು ಇಳಿದ ಮೇಲೆ ಬೇರು ಸ್ವಲ್ಪ ಹೊರಗೆ ಬರುತ್ತೆ, ಜುಮ್ ಅನ್ನೋದು ಅದಕ್ಕೇ.

ನನ್ನದು ಬೇರೆ ಕಥೆ. ಬಸುರಿಯಾಗಿದ್ದಾಗ ನಾಲ್ಕನೇ ತಿಂಗಳಿಂದ ರಕ್ತ. ಬಸುರಿ ಹೆಂಗಸು ಹಲ್ಲು ಮುಟ್ಟಿಸಬಾರದು ಅಂತ ಸುತ್ತಮುತ್ತ ಎಲ್ಲರೂ ಹೆದರಿಸಿದರು, ಹೋಗಲಿಲ್ಲ. ಏಳನೇ ತಿಂಗಳಿಗೆ ಕೋರೆಹಲ್ಲಿನ ಪಕ್ಕ ಕೆಂಪು ಗಂಟು ಎದ್ದು, ದಿಂಬಿನ ಮೇಲೆ ರಕ್ತ. ಆ ಭಯ ನಾನು ಮರೆಯೋದಿಲ್ಲ. ಹೆರಿಗೆ ಆದಮೇಲೆ ಗಂಟು ಕುಗ್ಗಿತು, ಪಾಕೆಟ್ ಉಳೀತು. ಎರಡನೇ ಸಲ ಯಾರ ಮಾತೂ ಕೇಳಲಿಲ್ಲ, ಐದನೇ ತಿಂಗಳಲ್ಲಿ ಕ್ಲೀನಿಂಗ್ ಮಾಡಿಸಿದೆ. ಏನೂ ತೊಂದರೆ ಆಗಲಿಲ್ಲ.

ಕೆಳದವಡೆ
ಲೆಕ್ಕ ಕೇಳುವವರೇ, ಆ ವಿಮರ್ಶೆಯನ್ನ ಅರ್ಧ ಹೇಳಿದ್ದೀರಿ. ಅದು ತೀವ್ರ ಪೆರಿಯೊಡಾಂಟೈಟಿಸ್ (ಮೂಳೆ ಕರಗಿಸೋ ವಸಡಿನ ಕಾಯಿಲೆ) ಇಲ್ಲದ, ನಿಯಮಿತವಾಗಿ ಡೆಂಟಿಸ್ಟ್ ಹತ್ತಿರ ಹೋಗ್ತಿರೋ ವಯಸ್ಕರ ಬಗ್ಗೆ. ಪಾಕೆಟ್ ಅಳೆದು ಬೇರು ಕೆರೆಯೋ ಚಿಕಿತ್ಸೆಗೂ ಅದಕ್ಕೂ ಸಂಬಂಧವಿಲ್ಲ. ಇದನ್ನ ಓದಿ 5 ಮಿ.ಮೀ. ಇರೋ ಮನುಷ್ಯ ಮನೇಲಿ ಕೂತರೆ ಹೊಣೆ ಯಾರದ್ದು?

ಲೆಕ್ಕ ಕೇಳುವವ
ನಾನು ಯಾರಿಗೂ ಮನೇಲಿ ಕೂರಿ ಅಂದಿಲ್ಲ. ಹತ್ತು ಸಿಗರೇಟು ಸೇದಿ ಮೂಳೆ ಕರಗಿಸಿಕೊಂಡವರು ಎಲ್ಲರಿಗೂ ತಮ್ಮ ಗತಿಯೇ ಬರುತ್ತೆ ಅಂತ ಹೆದರಿಸಬೇಡಿ. ಬೇಕಾದ್ದಕ್ಕೂ ಬೇಡದ್ದಕ್ಕೂ ಒಂದೇ ಮಷೀನು ಹಿಡಿಯೋದಕ್ಕೆ ನನ್ನ ವಿರೋಧ.

ಕೆಳದವಡೆ
ಸಿಗರೇಟು ಬಿಟ್ಟು ಹನ್ನೊಂದು ವರ್ಷ ಆಯ್ತು ಸ್ವಾಮಿ. ಅದನ್ನ ಎತ್ತಿ ಆಡೋ ಅವಶ್ಯಕತೆ ಇರಲಿಲ್ಲ.

ಸಣ್ಣ ಬ್ರಷ್
ಇಬ್ಬರೂ ಕುರ್ಚಿ ಮೇಲಿನ ಒಂದು ಗಂಟೆಗೇ ಜಗಳ ಆಡ್ತಿದ್ದೀರಿ. 1965ರಲ್ಲಿ ಡೆನ್ಮಾರ್ಕ್‌ನ ಆರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತವರ ಸಂಗಡಿಗರು ವಸಡು ಚೆನ್ನಾಗಿದ್ದ 12 ಜನರ ಕೈಲಿ ಹಲ್ಲುಜ್ಜೋದನ್ನ ನಿಲ್ಲಿಸಿದರು. 10ರಿಂದ 21 ದಿನದೊಳಗೆ ಒಬ್ಬರೂ ಬಿಡದೆ ಎಲ್ಲರಿಗೂ ವಸಡು ಉರಿಯೂತ. ಮತ್ತೆ ಉಜ್ಜೋಕೆ ಶುರು ಮಾಡಿದ ಮೇಲೆ ವಾರ ಹತ್ತು ದಿನದಲ್ಲಿ ಸರಿಹೋಯ್ತು. ಅಂದರೆ ಮೂರು ತಿಂಗಳಿಗೊಮ್ಮೆ ಕೆರೆಸಿಕೊಂಡು ದಿನಾ ಸಂದಿ ಬಿಟ್ಟರೆ ಏನು ಬಂತು?

ನನಗೆ ಬಲ ಮೇಲಿನ ದವಡೇಲಿ ಎರಡು 5 ಮಿ.ಮೀ. ಇತ್ತು. ಡೀಪ್ ಕ್ಲೀನಿಂಗ್ ಆಯ್ತು, ನಿಜ. ಆದರೆ ಅದನ್ನ 3ಕ್ಕೆ ಇಳಿಸಿ ಉಳಿಸಿದ್ದು ಸಂದಿಗೆ ಹಾಕೋ ಸಣ್ಣ ಬ್ರಷ್. ಮುಂದೆ ತೆಳ್ಳನೆಯದು, ಹಿಂದೆ ದಪ್ಪದ್ದು, ಒಟ್ಟು ಮೂರು ಸೈಜು. ಮೊದಲ ಹತ್ತು ದಿನ ರಕ್ತ ಹೆಚ್ಚೇ ಬಂತು, ನಿಲ್ಲಿಸಲಿಲ್ಲ. ಫ್ಲಾಸ್ ನಾಲ್ಕು ವರ್ಷ ಹಾಕಿದ್ದು ದಂಡ. ದಾರ ಬೇರಿನ ತಗ್ಗಿಗೆ ಇಳಿಯೋದೇ ಇಲ್ಲ.

ದಾರದವಳು
ದಂಡ ಅಂತ ಹೇಗೆ ಹೇಳ್ತೀರಿ? ನನ್ನ ಹಲ್ಲು ಒತ್ತೊತ್ತಾಗಿವೆ, ನಿಮ್ಮ ಬ್ರಷ್ ತೂರಿಸೋಕೆ ಹೋಗಿ ಸಂದಿಯ ವಸಡು ಕಿತ್ತು ಎರಡು ವಾರ ಒದ್ದಾಡಿದ್ದೀನಿ. ದಾರ ಹಲ್ಲಿಗೆ ಸುತ್ತಿ ಮೇಲೆ ಕೆಳಗೆ ಎಳೀಬೇಕು, ಗರಗಸದ ಹಾಗೆ ಆಡಿಸಿದರೆ ಯಾರಿಗೂ ಉಪಯೋಗ ಆಗಲ್ಲ. ಒಂಬತ್ತು ವರ್ಷ, ಒಂದು ರಾತ್ರಿ ತಪ್ಪಿಸಿಲ್ಲ.

ಸಣ್ಣ ಬ್ರಷ್
ತೂರಿಸಬೇಕಾಗಿ ಬಂದರೆ ಅದು ತಪ್ಪು ಸೈಜು. ಬ್ರಷ್ಷಿನ ತಪ್ಪಲ್ಲ.

ಸಕ್ಕರೆ ಮನೆ
ನಮ್ಮ ಮನೆಯವರಿಗೆ ಹನ್ನೆರಡು ವರ್ಷದ ಸಕ್ಕರೆ. ವಸಡಲ್ಲಿ ಕೀವು, ಸಕ್ಕರೆ ಯಾವ ಮಾತ್ರೆಗೂ ಬಗ್ತಿರಲಿಲ್ಲ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) 9.4. ಡೆಂಟಿಸ್ಟ್ ಸಕ್ಕರೆ ಇಳಿಸಿ ಬನ್ನಿ ಅಂದರು, ಸಕ್ಕರೆ ಡಾಕ್ಟರ್ ಬಾಯಿ ಸರಿ ಮಾಡಿಸಿ ಬನ್ನಿ ಅಂದರು. ಇಬ್ಬರ ನಡುವೆ ನಾಲ್ಕು ತಿಂಗಳು ವ್ಯರ್ಥ. ಅಷ್ಟರಲ್ಲಿ ಒಂದು ದವಡೆ ಹಲ್ಲು ಹೋಯ್ತು. ವಸಡಿನ ಸೋಂಕು ಸಕ್ಕರೆ ಏರಿಸುತ್ತೆ, ಏರಿದ ಸಕ್ಕರೆ ವಸಡು ಕೆಡಿಸುತ್ತೆ, ಎರಡನ್ನೂ ಒಟ್ಟಿಗೇ ಹಿಡೀಬೇಕಿತ್ತು. ಕ್ಲೀನಿಂಗ್ ಮುಗಿದು ನಾಲ್ಕು ತಿಂಗಳಿಗೆ 8.3. ನಡುವೆ ಮಾತ್ರೆಯೂ ಬದಲಾಗಿತ್ತು, ಹಾಗಾಗಿ ಪೂರ್ತಿ ಹಲ್ಲಿನ ಪುಣ್ಯ ಅಂತ ನಾನು ಹೇಳಲ್ಲ.

ಕ್ಲೋರ್‌ಹೆಕ್ಸಿಡಿನ್ ಬಗ್ಗೆ ಒಂದು ಮಾತು. ಪೇಸ್ಟ್ ಹಾಕಿ ಉಜ್ಜಿದ ತಕ್ಷಣ ಅದನ್ನ ಮುಕ್ಕಳಿಸಿದರೆ ಅದರ ಬಲ ಕುಂದುತ್ತೆ, ಅರ್ಧ ಗಂಟೆಯಾದರೂ ಬಿಡಬೇಕು. ನಮಗೆ ಇದನ್ನ ಯಾರೂ ಹೇಳಲಿಲ್ಲ, ಒಂದು ಬಾಟಲಿ ಹಾಗೇ ಹೋಯ್ತು.

ಹೊಸಬ
ಎಲ್ಲರಿಗೂ ವಂದನೆ. ಹಲ್ಲು ಸಡಿಲ ಆಗುತ್ತೆ ಅನ್ನೋ ಭಯ ಹೋಯ್ತು. ಆದರೆ ನನ್ನದು ಮುಂದೆ ಊದಿರೋದು, ಪಾಕೆಟ್ ಹಿಂದೆ. ಇದು ಯಾಕೆ ಹಾಗೆ ಅಂತ ಯಾರಿಗಾದರೂ ಗೊತ್ತಾ?

ಅಪ್ಪನ ಮಗಳು
ನಿಮ್ಮ ಬಿಪಿ ಮಾತ್ರೆ ಯಾವುದು ಅಣ್ಣಾ? ನಮ್ಮಪ್ಪನಿಗೆ ನಿಫೆಡಿಪಿನ್ ಕೊಡ್ತಿದ್ದರು. ಮುಂದಿನ ಹಲ್ಲಿನ ಸಂದಿಗಳಲ್ಲಿ ವಸಡು ಬೆಳೆದು ಹಲ್ಲಿನ ಮೂರನೇ ಒಂದು ಭಾಗ ಮುಚ್ಚಿತ್ತು. ಎರಡು ಸಲ ಕ್ಲೀನಿಂಗ್ ಮಾಡಿಸಿದರೂ ಮತ್ತೆ ಬೆಳೀತು. ಮೂರನೇ ಸಲ ಬೇರೆ ಡಾಕ್ಟರ್ ಮಾತ್ರೆ ಚೀಟಿ ತೋರಿಸಿ ಅಂದಾಗಲೇ ಕಾರಣ ಸಿಕ್ಕಿದ್ದು. ಆಮ್ಲೋಡಿಪಿನ್‌ಗೂ ಹೀಗೆ ಆಗೋದುಂಟು, ಸ್ವಲ್ಪ ಕಡಿಮೆ ಜನರಿಗೆ. ಫಿಟ್ಸ್‌ಗೆ ಕೊಡೋ ಫೆನಿಟೋಯಿನ್‌ಗೆ ಇನ್ನೂ ಹೆಚ್ಚು. ಪಾಚಿ ಇದ್ದರೆ ಬೆಳವಣಿಗೆ ಜೋರು, ಹಾಗಾಗಿ ಕ್ಲೀನಿಂಗ್ ಬೇಕೇ ಬೇಕು. ಅಪ್ಪನಿಗೆ ಬಿಪಿ ಡಾಕ್ಟರೇ ಬೇರೆ ಗುಂಪಿನ ಮಾತ್ರೆಗೆ ಬದಲಿಸಿದರು, ಮೂರು ತಿಂಗಳಲ್ಲಿ ಇಳೀತು. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಅಪ್ಪ ಹಾಗೆ ಮಾಡಿ ಐದೇ ದಿನಕ್ಕೆ ಆಸ್ಪತ್ರೆ ಸೇರಿದ್ದರು.

ಹೊಸಬ
ಆಮ್ಲೋಡಿಪಿನ್ನೇ. ಹಲ್ಲಿನ ಡಾಕ್ಟರ್ ಕೇಳಲಿಲ್ಲ, ನಾನೂ ಹೇಳಿರಲಿಲ್ಲ. ಸೋಮವಾರ ಮೊದಲ ಸಿಟ್ಟಿಂಗ್, ಚೀಟಿ ಹಿಡ್ಕೊಂಡು ಹೋಗ್ತೀನಿ.

ಲೆಕ್ಕ ಕೇಳುವವ
"ಕೇಳಲಿಲ್ಲ" ಅಂದರಲ್ಲ, ನಾನು ಮೊದಲಿಂದ ಹೇಳ್ತಿರೋದು ಇದನ್ನೇ. ಮಾತಾಡಿ ಆಮೇಲೆ ಮಷೀನು ಹಿಡೀಬೇಕು.

ಕೆಳದವಡೆ
ನೀವು ಮೊದಲಿಂದ ಹೇಳಿದ್ದು ಅದಲ್ಲ, ಮೇಲೆ ಹೋಗಿ ಓದಿ. ಸೋಮವಾರ ತಪ್ಪಿಸಬೇಡಿ ಹೊಸಬರೇ.